ಅಧ್ಯಕ್ಷರಿಗೆ ಏನು ಕಾಯಕ?

(ಚಿಕ್ಕಬಳ್ಳಾಪುರದಲ್ಲಿ ನಡೆದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)

 

ಇವತ್ತು ನನಗೆ ಕೊಟ್ಟಿರುವ ವಿಷಯ ‘ಕಾಯಕ ಮತ್ತು ಪದವಿ’. ಕಾಯಕ ಎಂದ ಕೂಡಲೇ ನಮಗೆ ಮಡಿವಾಳ ಮಾಚಿದೇವರು, ಅಂಬಿಗರ ಚೌಡಯ್ಯನವರು, ನುಲಿಯ ಚಂದಯ್ಯನವರು ನೆನಪಿಗೆ ಬರುತ್ತಾರೆ. ಅವರ ಮೇಲೆ ಮಾತಾಡಲು ನನಗಿಂತ ತಿಳಿದವರು ಇಲ್ಲಿದ್ದಾರೆ. ನಾನು ರೇಷ್ಮೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ತಾಲ್ಲೂಕುಗಳಲ್ಲಿ ಹಿಪ್ಪುನೇರಳೆ ತೋಟ, ಹುಳುಮನೆ, ಗೂಡಿನ ಮಾರುಕಟ್ಟೆ ಸುತ್ತುತ್ತಲೇ ನನ್ನ ಸರ್ವಿಸ್ ಮುಗಿಯಿತು. ಆದ್ದರಿಂದ ನಾನು ಕಂಡ ಒಂದು ಪದವಿಯ ಬಗ್ಗೆ ಮಾತ್ರ ಮಾತಾಡುತ್ತೇನೆ. ನಿಗಮ, ಮಂಡಳಿಗಳ ಅಧ್ಯಕ್ಷ ಪದವಿ ಅದು.

ಹೋದ ತಿಂಗಳು ನನ್ನ ತಮ್ಮನ ಮಗ ಮನೆಗೆ ಬಂದ. ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಎರಡು ಎಕರೆ ಹಿಪ್ಪುನೇರಳೆ ಇಟ್ಟಿದ್ದಾನೆ, ಒಂದು ಪಕ್ಷದಲ್ಲಿ ಓಡಾಡಿಕೊಂಡಿದ್ದಾನೆ. ಒಳ್ಳೆಯ ಹುಡುಗ. ಕಾಫಿ ಕುಡಿದು ಲೋಟ ಕೆಳಗಿಟ್ಟು ವಿಷಯ ತೆಗೆದ. “ದೊಡ್ಡಪ್ಪಾ, ರೇಷ್ಮೆಗೆ ಸೇರಿದ ಒಂದು ಮಂಡಳಿಗೆ ಅಧ್ಯಕ್ಷರನ್ನ ಮಾಡ್ತಾರಂತೆ. ಬುದ್ಧಿಯವರ ಕೈಲಿ ಒಂದು ಪತ್ರ ಕೊಡಿಸಿ. ಸಮಾಜಕ್ಕೆ ಒಂದು ಸ್ಥಾನ ಸಿಕ್ಕಂಗಾಗುತ್ತೆ” ಅಂದ.

“ಆಗಲಿ ಕಣಪ್ಪ, ಆ ಮಂಡಳಿ ಏನು ಕೆಲಸ ಮಾಡುತ್ತೆ?” ಎಂದು ಕೇಳಿದೆ.

“ಅದನ್ನೆಲ್ಲ ಎಂ.ಡಿ. ನೋಡ್ಕೋತಾರೆ ದೊಡ್ಡಪ್ಪ. ಅಧ್ಯಕ್ಷರಿಗೆ ಏನ್ ಕೆಲ್ಸ ಇರುತ್ತೆ?”

ಅವನು ತಮಾಷೆಗೆ ಹೇಳಿದ್ದಲ್ಲ, ಕಂಡದ್ದನ್ನೇ ಹೇಳಿದ. ಕೆಲಸವಿಲ್ಲ ಎಂದು ಗೊತ್ತಿದ್ದೇ ಆ ಕುರ್ಚಿಗೆ ಇಷ್ಟು ಜನ ಓಡಾಡುತ್ತಾರೆ. ಕೆಲಸವಿಲ್ಲದ ಕುರ್ಚಿಗೆ ಕಾಯಕದ ಹೆಸರಿನಲ್ಲಿ ನಡೆಯುವ ಮಠ ಶಿಫಾರಸು ಕೊಡಬಹುದೆ? ಅಥವಾ ಆ ಕುರ್ಚಿಗೂ ಒಂದು ಕಾಯಕವಿದ್ದು, ನಾವೇ ಅದನ್ನು ಮರೆತಿದ್ದೇವೆಯೆ? ಈ ಒಂದು ತಿಂಗಳು ನನ್ನ ತಲೆಯಲ್ಲಿ ಇದೇ ಇತ್ತು.

ಮೊದಲು ಆ ಹುದ್ದೆ ಎಂಥದು ಎಂದು ನೋಡೋಣ. ಸರ್ಕಾರದ ಮಂಡಳಿಗಳಲ್ಲಿ ಸಾಮಾನ್ಯವಾಗಿ ಇಬ್ಬರು ಮುಖ್ಯಸ್ಥರಿರುತ್ತಾರೆ. ದಿನನಿತ್ಯ ಕಚೇರಿ ನಡೆಸುವವರು ಒಬ್ಬರು. ಅವರು ಸಂಬಳ ಪಡೆಯುವ ಅಧಿಕಾರಿ, ವ್ಯವಸ್ಥಾಪಕ ನಿರ್ದೇಶಕರು ಅಥವಾ ಕಾರ್ಯದರ್ಶಿ. ಇನ್ನೊಬ್ಬರು ಅಧ್ಯಕ್ಷರು. ಅವರು ಕಚೇರಿ ನಡೆಸುವುದಿಲ್ಲ, ಮಂಡಳಿಯ ಸಭೆ ನಡೆಸುತ್ತಾರೆ. ನಮಗೆ ಹತ್ತಿರದ ಉದಾಹರಣೆ ಕೇಂದ್ರ ರೇಷ್ಮೆ ಮಂಡಳಿ. 1948ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ, ಜವಳಿ ಸಚಿವಾಲಯದ ಕೆಳಗಿದೆ, ಪ್ರಧಾನ ಕಚೇರಿ ಬೆಂಗಳೂರಿನಲ್ಲೇ ಇದೆ. ಅದರ ಅಧ್ಯಕ್ಷರನ್ನು ಕೇಂದ್ರ ಸರ್ಕಾರ ನೇಮಿಸುತ್ತದೆ. ಆಡಳಿತ ನೋಡಿಕೊಳ್ಳುವವರು ಸದಸ್ಯ ಕಾರ್ಯದರ್ಶಿ. ಕಾಫಿ ಮಂಡಳಿಯಲ್ಲೂ ಈಚಿನ ವರ್ಷಗಳಲ್ಲಿ ಇದೇ ಪದ್ಧತಿ: ಅಧ್ಯಕ್ಷರು ಬೆಳೆಗಾರರು, ಆಡಳಿತ ಸರ್ಕಾರಿ ಅಧಿಕಾರಿಯದು. ನಮ್ಮ ರಾಜ್ಯದ ರೇಷ್ಮೆ ಮಾರಾಟ ಮಂಡಳಿ ಹುಟ್ಟಿದ್ದು 1979ರಲ್ಲಿ. ಬೆಲೆ ಬಿದ್ದಾಗ ರೀಲರುಗಳಿಂದ ಕಚ್ಚಾ ರೇಷ್ಮೆ ಕೊಂಡು, ಆ ಮೂಲಕ ಗೂಡು ಬೆಳೆಯುವ ರೈತನ ಬೆಲೆಯನ್ನೂ ಹಿಡಿದು ನಿಲ್ಲಿಸಬೇಕು ಎನ್ನುವುದು ಅದರ ಉದ್ದೇಶ.

ಹಾಗಾದರೆ ಕಚೇರಿ ನಡೆಸದ ಅಧ್ಯಕ್ಷರು ಮಾಡುವುದೇನು? ಉತ್ತರಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಕಲ್ಯಾಣಕ್ಕೆ ಹೋದರೆ ಸಾಕು.

ಕಲ್ಯಾಣದಲ್ಲಿ ಕೆಲಸ ನಡೆಸಿದವರು ಯಾರು? ಬಿಜ್ಜಳನ ಭಂಡಾರ ನೋಡಿಕೊಂಡವರು, ಮಹಾಮನೆಯ ದಾಸೋಹ ನಡೆಸಿದವರು, ಊರೂರಿಂದ ಬಂದ ಶರಣರನ್ನು ಒಂದುಗೂಡಿಸಿದವರು ಬಸವಣ್ಣನವರು. ಆದರೆ ಅನುಭವ ಮಂಟಪದ ಶೂನ್ಯ ಸಿಂಹಾಸನದ ಮೇಲೆ ಅವರು ತಾವು ಕೂರಲಿಲ್ಲ. ನಮ್ಮ ಪರಂಪರೆ ಹೇಳುವಂತೆ ಅಲ್ಲಿ ಕೂತವರು ಅಲ್ಲಮಪ್ರಭುಗಳು. ಅವರ ಕೈಯಲ್ಲಿ ಭಂಡಾರವಿರಲಿಲ್ಲ, ಹಿಂದೆ ಪರಿವಾರವಿರಲಿಲ್ಲ, ಯಾರ ಹಂಗೂ ಇರಲಿಲ್ಲ. ಅವರ ಕೆಲಸ ಪ್ರಶ್ನೆ ಕೇಳುವುದು. ಕೆರೆ ಕಟ್ಟಿಸುತ್ತಿದ್ದ ಸೊನ್ನಲಿಗೆಯ ಸಿದ್ಧರಾಮರನ್ನು ಕೇಳಿದರು, ಅಕ್ಕಮಹಾದೇವಿಯನ್ನು ಕೇಳಿದರು. ಮಂಟಪ ಕಟ್ಟಿದ ಬಸವಣ್ಣನವರನ್ನೂ ಬಿಡಲಿಲ್ಲ. ನಡೆಸುವವರು ಒಬ್ಬರು, ಪೀಠದಲ್ಲಿ ಕೂತು ಪ್ರಶ್ನಿಸುವವರು ಇನ್ನೊಬ್ಬರು. ಇಂದಿನ ಆಡಳಿತದ ಪುಸ್ತಕಗಳು ದೊಡ್ಡ ತತ್ವವೆಂದು ಹೇಳುವ ಈ ವಿಂಗಡಣೆ ಶೂನ್ಯ ಸಂಪಾದನೆ ಓದಿದ ನಮಗೆ ಹೊಸದಲ್ಲ.

ಅಧ್ಯಕ್ಷರ ಕಾಯಕವೂ ಅದೇ. ಸಭೆಯಲ್ಲಿ ಬಾಯಿ ಜೋರಿರುವವನೊಬ್ಬನೇ ಮಾತಾಡದಂತೆ ನೋಡಿಕೊಳ್ಳಬೇಕು. ಅಧಿಕಾರಿ ತಂದ ಕಡತಕ್ಕೆ ತಲೆಯಾಡಿಸದೆ ‘ಏಕೆ, ಎಷ್ಟು, ಯಾರಿಗೆ’ ಎಂದು ಕೇಳಬೇಕು. ಅದೇ ಅಧಿಕಾರಿ ನ್ಯಾಯವಾಗಿ ನಡೆದು ಮೇಲಿನಿಂದ ಒತ್ತಡ ಬಂದಾಗ ಅವರ ಬೆನ್ನಿಗೆ ನಿಲ್ಲಬೇಕು. ಲೆಕ್ಕಪತ್ರ ಕಾಲಕ್ಕೆ ಸರಿಯಾಗಿ ಹೊರಬರುವಂತೆ ಮಾಡಬೇಕು. ಹಳ್ಳಿಯ ಮಾತನ್ನು ಸರ್ಕಾರಕ್ಕೆ ಮುಟ್ಟಿಸಬೇಕು. ಅವಧಿ ಮುಗಿದ ದಿನ ಕಾರಿನ ಕೀಲಿ ಕೊಟ್ಟು ಬಸ್ಸು ಹತ್ತಬೇಕು.

ಇದು ಬರಿ ಮಾತಿನ ಕೆಲಸವೆಂದು ತಿಳಿಯಬೇಡಿ. ಗೂಡು ಬೆಳೆಯುವ ಮನೆಯ ಕಷ್ಟ ಇಲ್ಲಿರುವ ಅನೇಕರಿಗೆ ಗೊತ್ತು. ಸುಮಾರು ಇಪ್ಪತ್ತೈದು ಇಪ್ಪತ್ತೆಂಟು ದಿನ ಮನೆಮಂದಿ ನಿದ್ದೆಗೆಟ್ಟು ಸೊಪ್ಪು ಹಾಕುತ್ತಾರೆ. ಹುಳು ನಾಲ್ಕು ಜ್ವರ ದಾಟಿ ಹಣ್ಣಾದ ಮೇಲೆ ಚಂದ್ರಿಕೆಗೆ ಬಿಡುತ್ತಾರೆ. ಗೂಡು ಕಟ್ಟಿದ ಮೇಲೆ ರೈತ ಅದನ್ನು ರಾಗಿಯ ಹಾಗೆ ಕಣಜದಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಕೆಲವೇ ದಿನದಲ್ಲಿ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ. ಹಾಗಾಗಿ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಆ ದಿನ ಹರಾಜಿನಲ್ಲಿ ಏನು ಕೂಗಿದರೋ ಅದೇ ಅವನ ಬೆಲೆ.

2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದರು. ಚೀನಾ ರೇಷ್ಮೆ ಅಗ್ಗವಾಯಿತು, ನಮ್ಮ ಗೂಡಿನ ಬೆಲೆ ಕುಸಿಯಿತು. ರೈತರು ಬೀದಿಗೆ ಬಂದರು. ಆ ದಿನಗಳಲ್ಲಿ ಮಾರುಕಟ್ಟೆಯ ಜಗುಲಿಯ ಮೇಲೆ ಗೂಡಿನ ಮುಂದೆ ಸುಮ್ಮನೆ ಕೂತಿದ್ದ ಮುಖಗಳನ್ನು ನಾನು ಮರೆತಿಲ್ಲ. 2013ರ ಬಜೆಟ್ಟಿನಲ್ಲಿ ಸುಂಕವನ್ನು ಮತ್ತೆ 15ಕ್ಕೆ ಏರಿಸಿದರು. ನಡುವಿನ ಎರಡು ವರ್ಷದಲ್ಲಿ ಎಷ್ಟು ಮನೆಯವರು ಹಿಪ್ಪುನೇರಳೆ ಕಿತ್ತು ಬೇರೆ ಬೆಳೆಗೆ ಹೋದರು ಎನ್ನುವುದನ್ನು ನಿಮ್ಮ ನಿಮ್ಮ ಊರಿನಲ್ಲಿ ಹಿರಿಯರನ್ನು ಕೇಳಿ ನೋಡಿ.

ಅಂಥ ದಿನ ಅಧ್ಯಕ್ಷರ ಕುರ್ಚಿಗೆ ಬೆಲೆ ಬರುತ್ತದೆ. ಅಧಿಕಾರಿ ಸರ್ಕಾರದ ನೌಕರ, ಬಜೆಟ್ಟನ್ನು ಬಹಿರಂಗವಾಗಿ ಪ್ರಶ್ನಿಸಲಾರ. ‘ಸ್ವಾಮಿ, ಇದರಿಂದ ನಮ್ಮ ರೈತ ಸಾಯುತ್ತಾನೆ’ ಎಂದು ಲೆಕ್ಕ ಹಿಡಿದು ದೆಹಲಿಗೆ ಹೋಗಿ ಹೇಳಬೇಕಾದವರು ಅಧ್ಯಕ್ಷರು. ಪತ್ರದ ಋಣದಿಂದ ಕುರ್ಚಿಗೆ ಬಂದವರು ಹಾಗೆ ಹೇಳುತ್ತಾರೆಯೆ? ಯಾರು ಕೂರಿಸಿದರೋ ಅವರ ಮುಖ ನೋಡುತ್ತಾರೆ.

ಇದನ್ನು ಬೇರೆಯವರ ಮೇಲೆ ಹೊರಿಸಿ ನಾನು ತಪ್ಪಿಸಿಕೊಳ್ಳುವುದಿಲ್ಲ. ಸರ್ವಿಸ್‌ನಲ್ಲಿದ್ದಾಗ ಇಂಥದೇ ಒಂದು ಶಿಫಾರಸು ಪತ್ರವನ್ನು ನಾನೇ ಬರೆದುಕೊಟ್ಟಿದ್ದೆ. ಯಾವ ಮಂಡಳಿ, ಯಾವ ಮಠ, ಯಾರ ಹೆಸರು ಎಂಬುದು ಇಲ್ಲಿ ಬೇಡ. ‘ನಿಮ್ಮ ಅಕ್ಷರ ಚೆನ್ನಾಗಿದೆ, ನೀವೇ ಬರೆಯಿರಿ’ ಎಂದರು. ಬರೆದೆ. ‘ಸಮಾಜಸೇವಾ ಧುರೀಣರು, ರೈತಪರ ಕಾಳಜಿಯುಳ್ಳವರು’ ಎಂದೆಲ್ಲ ಬರೆದೆ. ಅವರು ಹುಳುಮನೆಯ ಒಳಗೆ ಕಾಲಿಟ್ಟಿದ್ದನ್ನು ನಾನು ನೋಡಿರಲಿಲ್ಲ. ಸ್ವಾಮಿಗಳು ನನ್ನ ಮೇಲಿನ ನಂಬಿಕೆಯಿಂದ ಸಹಿ ಮಾಡಿದರು. ಅವರು ಅಧ್ಯಕ್ಷರಾದರು. ಮಾರುಕಟ್ಟೆಗೆ ಎರಡು ಸಲ ಬಂದರು, ಎರಡು ಸಲವೂ ಹಾರ ಹಾಕಿಸಿಕೊಂಡು ಹೋದರು.

ಮುಂದೆ ಬೆಲೆ ಬಿದ್ದಾಗ ರೈತರು ಮಠಕ್ಕೆ ಬಂದರು. ‘ಬುದ್ಧಿ, ನೀವು ಹೇಳಿದರೆ ಅವರು ಕೇಳುತ್ತಾರೆ, ಒಂದು ಮಾತು ಹೇಳಿ’ ಎಂದು ಕೈಮುಗಿದರು. ಸ್ವಾಮಿಗಳು ಬಹಳ ಹೊತ್ತು ಸುಮ್ಮನಿದ್ದರು. ಏನು ಹೇಳಿಯಾರು? ಗಟ್ಟಿಯಾಗಿ ಕೇಳಿದರೆ ‘ನೀವೇ ಬರೆದುಕೊಟ್ಟಿರಲ್ಲ’ ಎಂಬ ಮಾತು ಬರುತ್ತದೆ. ನಾನು ಬರೆದ ಒಂದು ಪುಟ ಒಂದು ಮಠದ ಬಾಯಿ ಕಟ್ಟಿತು. ಮಠಕ್ಕಿರುವ ದೊಡ್ಡ ಆಸ್ತಿ ಜಮೀನಲ್ಲ, ಯಾರಿಗೂ ಅಂಜದೆ ಮಾತಾಡುವ ನಾಲಿಗೆ. ಅದನ್ನು ನಾವು ಒಂದು ಕುರ್ಚಿಗೆ ಒತ್ತೆಯಿಟ್ಟೆವು.

ಈಗ ನಮ್ಮ ರಾಜ್ಯದ ಪದ್ಧತಿ ನೋಡಿ. ಯಾವ ಪಕ್ಷ ಬಂದರೂ ಕಥೆ ಒಂದೇ. ಸಚಿವ ಸ್ಥಾನ ಸಿಗದವರಿಗೆ, ಚುನಾವಣೆಯಲ್ಲಿ ದುಡಿದವರಿಗೆ ನಿಗಮ, ಮಂಡಳಿ. 2024ರ ಜನವರಿಯಲ್ಲಿ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ನಾವೆಲ್ಲ ಸಿಹಿ ಹಂಚಿದೆವು, ಅದು ಸರಿಯೇ. ಅದೇ ತಿಂಗಳು ಮೂವತ್ತಕ್ಕೂ ಹೆಚ್ಚು ಶಾಸಕರನ್ನು ನಿಗಮ ಮಂಡಳಿಗಳಿಗೆ ನೇಮಿಸಿದ ಪಟ್ಟಿಯೂ ಹೊರಬಂತು. ಇದಕ್ಕೆ ಅರ್ಜಿ ಕರೆದವರಿಲ್ಲ, ಆ ಹುದ್ದೆಗೆ ಏನು ಗೊತ್ತಿರಬೇಕು ಎಂದು ಬರೆದವರಿಲ್ಲ. ಹಿಂದಿನ ಸರ್ಕಾರಗಳು ಮಾಡಿದ್ದೂ ಇದನ್ನೇ. 2023ರ ಮೇ ತಿಂಗಳಲ್ಲಿ ಸರ್ಕಾರ ಬದಲಾದಾಗ ಹಿಂದಿನವರ ನಾಮನಿರ್ದೇಶನಗಳೆಲ್ಲ ಒಂದೇ ಆದೇಶದಲ್ಲಿ ರದ್ದಾದವು. ಕೆಲಸ ಕಲಿಯುವಷ್ಟರಲ್ಲಿ ಎದ್ದು ಹೋಗಬೇಕು. ಹಾಗಿರುವಾಗ ಕಲಿಯುವುದಾದರೂ ಯಾಕೆ ಎನಿಸುತ್ತದೆ ಮನುಷ್ಯನಿಗೆ.

ಬೇರೆ ದಾರಿ ಇಲ್ಲವೆ? ಇದೆ. 2015ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಂಡೆಯ ಮೇಲೆ ಬಸವಣ್ಣನವರ ಪ್ರತಿಮೆ ಅನಾವರಣವಾದಾಗ ನಾವು ಹೆಮ್ಮೆಪಟ್ಟೆವು. ಆ ದೇಶಕ್ಕೆ ನಾವು ಒಬ್ಬ ಗುರುವನ್ನು ಕೊಟ್ಟೆವು ಎಂದೆವು. ಅಲ್ಲಿಂದ ನಾವು ಒಂದು ಪದ್ಧತಿ ತರಬಹುದು. ಅಧಿಕಾರದಲ್ಲಿರುವವರ ನಡತೆಯ ಮೇಲೆ ಜನರಿಗೆ ನಂಬಿಕೆ ಹೋದಾಗ ಅಲ್ಲಿ ನೋಲನ್ ಎಂಬ ನ್ಯಾಯಾಧೀಶರ ಸಮಿತಿ ಕೂತು, 1995ರಲ್ಲಿ ಸಾರ್ವಜನಿಕ ಜೀವನದ ಏಳು ತತ್ವಗಳನ್ನು ಬರೆಯಿತು: ನಿಸ್ವಾರ್ಥ, ಪ್ರಾಮಾಣಿಕತೆ, ಪಾರದರ್ಶಕತೆ, ಉತ್ತರದಾಯಿತ್ವ, ಹೀಗೆ. ಅಲ್ಲಿ ಸರ್ಕಾರಿ ಕೃಷಿ ಮಂಡಳಿಯೊಂದಕ್ಕೆ ಅಧ್ಯಕ್ಷರು ಬೇಕಾದರೆ ಜಾಹೀರಾತು ಬರುತ್ತದೆ. ಎಷ್ಟು ದಿನ ಕೆಲಸ, ಎಷ್ಟು ಸಂಭಾವನೆ, ಎಷ್ಟು ವರ್ಷದ ಅವಧಿ, ಏನು ಅನುಭವ ಬೇಕು, ಎಲ್ಲವೂ ಅದರಲ್ಲಿರುತ್ತದೆ. ಅರ್ಜಿ ಹಾಕಿದವರು ಹಿಂದಿನ ಐದು ವರ್ಷದ ತಮ್ಮ ರಾಜಕೀಯ ಚಟುವಟಿಕೆಯನ್ನು ತಾವೇ ತಿಳಿಸಬೇಕು. ಒಂದು ಸಮಿತಿ ಸಂದರ್ಶನ ಮಾಡಿ ತಕ್ಕವರ ಹೆಸರು ಕೊಡುತ್ತದೆ. ಕೊನೆಯ ಆಯ್ಕೆ ಮಂತ್ರಿಯದೇ.

ಅಲ್ಲೂ ಎಲ್ಲ ಸುಸೂತ್ರವೆಂದು ನಾನು ಹೇಳುತ್ತಿಲ್ಲ. ಅಲ್ಲಿನ ಕೃಷಿ ಮತ್ತು ತೋಟಗಾರಿಕೆ ಅಭಿವೃದ್ಧಿ ಮಂಡಳಿ ಬೆಳೆಗಾರರಿಂದ ಕಡ್ಡಾಯ ಶುಲ್ಕ ಪಡೆದು ನಡೆಯುವ ಸಂಸ್ಥೆ. 2021ರಲ್ಲಿ ತೋಟಗಾರಿಕೆಯವರೂ ಆಲೂಗಡ್ಡೆ ಬೆಳೆಗಾರರೂ ‘ಈ ಶುಲ್ಕ ನಮಗೆ ಬೇಡ’ ಎಂದು ಮತ ಹಾಕಿದರು. ಅಧ್ಯಕ್ಷರನ್ನು ಸರಿಯಾಗಿ ಆರಿಸಿದ ಮಾತ್ರಕ್ಕೆ ರೈತನ ನಂಬಿಕೆ ಬರುವುದಿಲ್ಲ, ಅದನ್ನು ದಿನದಿನವೂ ಗಳಿಸಬೇಕು. ಆದರೆ ಅಲ್ಲಿನ ರೈತನಿಗೆ ‘ಬೇಡ’ ಎನ್ನುವ ಹಕ್ಕಾದರೂ ಇತ್ತು.

ನಮ್ಮಲ್ಲೂ ಇದು ಪೂರಾ ಹೊಸದಲ್ಲ. ಕೃಷಿ ವಿಶ್ವವಿದ್ಯಾಲಯಕ್ಕೆ ಕುಲಪತಿಗಳನ್ನು ಆರಿಸಲು ಶೋಧನಾ ಸಮಿತಿ ಇದೆ. ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜು ಅದೇ ವಿಶ್ವವಿದ್ಯಾಲಯದ್ದು. ಹುಳುವಿನ ಪಾಠ ಹೇಳುವ ಸಂಸ್ಥೆಗೆ ಹುಡುಕಿ ಆರಿಸುತ್ತೇವೆ, ಹುಳು ಸಾಕುವವನ ಬೆಲೆ ಕಾಯುವ ಸಂಸ್ಥೆಗೆ ಹಂಚಿಬಿಡುತ್ತೇವೆ.

ಇಲ್ಲಿ ಒಂದು ಕಷ್ಟದ ಪ್ರಶ್ನೆ ಇದೆ. ನಮ್ಮ ಸುಧಾರಕ ಬಂಧುಗಳೇ ಕೇಳುತ್ತಾರೆ: ‘ಅರ್ಹತೆ, ಸಂದರ್ಶನ ಎಂದು ಹೊರಟರೆ ಓದಿದವರು, ಮುಂದುವರಿದವರು ಮಾತ್ರ ಬರುತ್ತಾರೆ. ನಮ್ಮ ಜನಕ್ಕೆ, ಹಿಂದುಳಿದವರಿಗೆ, ದಲಿತರಿಗೆ ಬಾಗಿಲು ಮುಚ್ಚುವುದಿಲ್ಲವೆ?’ ಈ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲೇ ಬೇರು ಇದೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಬ್ರಾಹ್ಮಣೇತರರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ಬಗ್ಗೆ ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಅರ್ಹತೆಯೊಂದೇ ಅಳತೆಯಾಗಬೇಕೆಂದು ನಂಬಿದ್ದ ವಿಶ್ವೇಶ್ವರಯ್ಯನವರು ಅದೇ ವರ್ಷ ದಿವಾನಗಿರಿ ಬಿಟ್ಟರು. ಆ ಸಮಿತಿಯಿಂದ ಲಿಂಗಾಯತರಿಗೂ ಒಕ್ಕಲಿಗರಿಗೂ ಮುಸ್ಲಿಮರಿಗೂ ಬಾಗಿಲು ತೆರೆಯಿತು. ಅವತ್ತು ನಮ್ಮ ಹಿರಿಯರು ಕೇಳಿದ್ದು ನ್ಯಾಯ. ‘ಅರ್ಹತೆ’ ಎಂಬ ಪದವನ್ನು ಬಾಗಿಲಿಗೆ ಅಗುಳಿ ಹಾಕಲು ಬಳಸಿದ್ದನ್ನು ನಾವು ಕಂಡವರು.

ಆದರೆ ಅದೇ ವಿಶ್ವೇಶ್ವರಯ್ಯನವರು 1923ರಲ್ಲಿ, ನಷ್ಟದಲ್ಲಿದ್ದ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿ ಅದನ್ನು ಎತ್ತಿ ನಿಲ್ಲಿಸಿದರು. ತಮಗೆ ಬರಬೇಕಾದ ಸಂಭಾವನೆಯನ್ನು ತಾವು ಇಟ್ಟುಕೊಳ್ಳದೆ ವೃತ್ತಿ ಶಿಕ್ಷಣ ಸಂಸ್ಥೆಗೆ ಬಿಟ್ಟುಕೊಟ್ಟರು. ಗೌರಿಬಿದನೂರಿನ ಹೊಸೂರಿನ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು, ನ್ಯಾಷನಲ್ ವಿದ್ಯಾಸಂಸ್ಥೆಗಳ ಅಧ್ಯಕ್ಷರಾದರು. ಬದುಕಿದ್ದು ಹಾಸ್ಟೆಲಿನ ಒಂದು ಕೋಣೆಯಲ್ಲಿ. ಬಡ ಹಳ್ಳಿ ಮನೆಯ ಹುಡುಗನಾಗಿ ಬಂದ ಅವರು ಯಾವ ಮಠದ ಪತ್ರವನ್ನೂ ಹಿಡಿದು ಬಂದವರಲ್ಲ.

ನನ್ನ ಉತ್ತರ ಇಷ್ಟೇ. ಪಾಲು ಬೇಕು, ಆದರೆ ಪತ್ರದಿಂದಲ್ಲ. ಪತ್ರ ಸಿಗುವುದು ಮಠದ ಬಾಗಿಲಿಗೆ ಹೋಗಬಲ್ಲವರಿಗೆ, ಕಾರು ಇರುವವರಿಗೆ. ಫಿಲೇಚರಿನಲ್ಲಿ ಬಿಸಿನೀರಿಗೆ ಕೈ ಅದ್ದಿ ನೂಲು ತೆಗೆಯುವ ತಾಯಿಗೆ ಯಾವ ಮಠ ಪತ್ರ ಕೊಡುತ್ತದೆ? ಚರಕದ ಮುಂದೆ ಕೂತ ಶಿಡ್ಲಘಟ್ಟದ ಮುಸ್ಲಿಂ ರೀಲರಿಗೆ ಯಾರು ಕೊಡುತ್ತಾರೆ? ಪದ್ಧತಿ ಬಹಿರಂಗವಾದರೆ ಮೊದಲು ಬಾಗಿಲು ತೆರೆಯುವುದು ಇಂಥವರಿಗೆ. ಅರ್ಹತೆ ಎಂದರೆ ಇಂಗ್ಲಿಷಿನಲ್ಲಿ ಮಾತಾಡುವುದಲ್ಲ. ಗೂಡಿನ ಬೆಲೆ ಯಾಕೆ ಬಿತ್ತು ಎಂದು ಗೊತ್ತಿರುವುದು, ಗೊತ್ತಿಲ್ಲದ್ದನ್ನು ಹತ್ತು ಜನರ ಎದುರು ಕೇಳುವ ಧೈರ್ಯವಿರುವುದು. ಅನುಭವ ಮಂಟಪದಲ್ಲಿ ಕೂತವರ ಅರ್ಹತೆ ಅದೇ ಆಗಿತ್ತು. ಈ ನಾಲ್ಕು ತಾಲ್ಲೂಕುಗಳಲ್ಲಿ ನಾವು ಸಂಖ್ಯೆಯಲ್ಲಿ ಕಡಿಮೆ. ‘ನಮ್ಮ ಸರದಿ’ ಎಂದು ಕೇಳುವುದಕ್ಕಿಂತ ‘ಎಲ್ಲರಿಗೂ ಒಂದೇ ನಿಯಮ’ ಎಂದು ಕೇಳಿದರೆ ನಮ್ಮ ಮಾತಿಗೆ ಹೆಚ್ಚು ತೂಕ ಬರುತ್ತದೆ.

ಆದ್ದರಿಂದ ಈ ಗೋಷ್ಠಿಯಿಂದ ಸರ್ಕಾರಕ್ಕೆ ಒಂದು ಮನವಿ ಹೋಗಲಿ. ಕೃಷಿ, ರೇಷ್ಮೆ, ತೋಟಗಾರಿಕೆಗೆ ಸೇರಿದ ಮಂಡಳಿಗಳ ಅಧ್ಯಕ್ಷ ಹುದ್ದೆ ಖಾಲಿಯಾದಾಗ ಕನ್ನಡದಲ್ಲಿ ಪ್ರಕಟಣೆ ಕೊಡಲಿ. ಅದು ಪತ್ರಿಕೆಯಲ್ಲಷ್ಟೇ ಅಲ್ಲ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ, ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ, ಗೌರಿಬಿದನೂರಿನ ರೈತ ಸಂಪರ್ಕ ಕೇಂದ್ರದಲ್ಲಿ, ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಯಲ್ಲಿ ಅಂಟಿಸಿರಲಿ. ಅವಧಿ ನಿಗದಿಯಾಗಿರಲಿ, ಸರ್ಕಾರ ಬದಲಾದರೂ ಕಾರಣವಿಲ್ಲದೆ ತೆಗೆಯದಿರಲಿ. ಆಯ್ಕೆ ಸಮಿತಿಯಲ್ಲಿ ಒಬ್ಬ ವಿಜ್ಞಾನಿ, ಒಬ್ಬ ಬೆಳೆಗಾರ, ಒಬ್ಬ ರೀಲರು, ಒಬ್ಬ ಕಾರ್ಮಿಕ ಮಹಿಳೆ ಇರಲಿ. ಸಮಿತಿ ಮೂರು ಹೆಸರು ಕೊಡಲಿ, ಸರ್ಕಾರ ಒಂದನ್ನು ಆರಿಸಿ ಏಕೆಂದು ಬರೆಯಲಿ. ಅಭ್ಯರ್ಥಿ ತನ್ನ ಪಕ್ಷ, ತನ್ನ ವ್ಯಾಪಾರ, ತನ್ನ ಪರ ಬಂದ ಶಿಫಾರಸುಗಳನ್ನು ಬರೆದುಕೊಡಲಿ. ಅಧ್ಯಕ್ಷರಾದವರು ವರ್ಷಕ್ಕೊಮ್ಮೆ ಮಾರುಕಟ್ಟೆಯ ಜಗುಲಿಯ ಮೇಲೆ ಹಾರವಿಲ್ಲದೆ ಕೂತು ರೈತರ ಪ್ರಶ್ನೆಗೆ ಉತ್ತರ ಕೊಡಲಿ.

ಇದು ಸರ್ಕಾರಕ್ಕೆ. ಪೂಜ್ಯರ ಪಾದಕ್ಕೂ ಒಂದು ಅರಿಕೆ ಇದೆ. ಮಠದ ಲೆಟರ್‌ಹೆಡ್ ಇನ್ನು ಮುಂದೆ ಬಡ ಹುಡುಗನ ಹಾಸ್ಟೆಲಿಗೆ, ಕಾಯಿಲೆಯವರ ಚಿಕಿತ್ಸೆಗೆ ಬಳಕೆಯಾಗಲಿ. ಅಧ್ಯಕ್ಷಗಿರಿಗೆ ಬೇಡ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಬೇಯಿಸಲಿಲ್ಲ, ತಂದಲ್ಲಿಗೇ ಸುರಿದು ಬರಲು ಕಳಿಸಿದರು. ನಮ್ಮ ಮನೆಗೆ ನಮ್ಮ ಕಾಯಕದ್ದಲ್ಲದ ಪದವಿ ಬಂದಾಗ ಹಾಗೆ ಕಳಿಸುವ ಲಕ್ಕಮ್ಮ ಬೇಕು. ಆ ಕೆಲಸವನ್ನು ಮಠ ಮಾಡಬೇಕು.

ನನ್ನ ತಮ್ಮನ ಮಗನಿಗೆ ನಾನು ಪತ್ರ ಕೊಡಿಸಲಿಲ್ಲ. ‘ಮಂಡಳಿಯ ವಾರ್ಷಿಕ ವರದಿ ತರಿಸುತ್ತೇನೆ, ಬಾ, ಇಬ್ಬರೂ ಕೂತು ಓದೋಣ’ ಎಂದೆ. ಅವನು ಬರಲಿಲ್ಲ. ಹೋದ ವಾರ ಅವರ ಮನೆಯಲ್ಲಿ ಹೊಸ ಹುಳುಮನೆಯ ಪೂಜೆ ಇತ್ತು, ನನಗೆ ಕರೆ ಬರಲಿಲ್ಲ. ತಮ್ಮನೂ ಫೋನ್ ಮಾಡಿಲ್ಲ. ನನಗೆ ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ. ರಕ್ತಸಂಬಂಧದಲ್ಲಿ ‘ಇಲ್ಲ’ ಎನ್ನುವುದು ವೇದಿಕೆಯ ಮೇಲೆ ಹೇಳಿದಷ್ಟು ಸುಲಭವಲ್ಲ.

ಆದರೂ ಇಲ್ಲೇ ಹೇಳಿಬಿಡುತ್ತೇನೆ. ಮುಂದೊಂದು ದಿನ ಅಂಥ ಪ್ರಕಟಣೆ ಮಾರುಕಟ್ಟೆಯ ಗೋಡೆಗೆ ಬಿದ್ದರೆ, ಮೊದಲು ಹೋಗಿ ಅವನಿಗೇ ಹೇಳುವವನು ನಾನು. ಅರ್ಜಿ ತುಂಬಲು ಜೊತೆಗೆ ಕೂರುತ್ತೇನೆ. ಅವನ ಪರವಾಗಿ ಯಾರಿಗೂ ಒಂದು ಮಾತು ಹೇಳುವುದಿಲ್ಲ. ‘ಅಧ್ಯಕ್ಷರಿಗೆ ಏನು ಕೆಲಸ?’ ಎಂದು ಸಮಿತಿಯವರು ಅವನನ್ನು ಕೇಳಲಿ. ಅವತ್ತು ಅವನ ಬಾಯಲ್ಲಿ ಸರಿಯಾದ ಉತ್ತರ ಬಂದರೆ, ಅದು ಅವನದೇ ಕಾಯಕದ ಫಲ.